ಮೊದಲು ತಪ್ಪು ಹೇಳಿ

ಮಗಳು ಎಡಗೈಯಲ್ಲಿ ಅಮ್ಮನ ಗದ್ದ ಹಿಡಿದುಕೊಂಡು, ಸುರುಳಿ ಸುತ್ತಿದ ಟವೆಲನ್ನು ಬಲಗೈಯಿಂದ ಅದರ ಕೆಳಗೆ ತೂರಿಸುತ್ತಿದ್ದಳು. ಹಿಡಿದಿರುವಷ್ಟು ಹೊತ್ತು ಬಾಯಿ ಮುಚ್ಚಿರುತ್ತಿತ್ತು, ಕೈ ಬಿಟ್ಟ ಕೂಡಲೇ ಮತ್ತೆ ಅರೆ ತೆರೆದುಕೊಳ್ಳುತ್ತಿತ್ತು. ಹಲ್ಲಿನ ಡಾಕ್ಟರಾಗಿ ದಿನವಿಡೀ ಜನರಿಗೆ ಬಾಯಿ ತೆರೆಯಿರಿ ಎಂದು ಹೇಳಿಯೇ ಅನ್ನ ತಿನ್ನುವವಳಿಗೆ ಈ ಒಂದು ಬಾಯಿ ಮುಚ್ಚಿಸುವ ಹೊತ್ತಿಗೆ ಸಾಕುಸಾಕಾಗಿತ್ತು. ಅತ್ತರೆ ಕೈ ನಡುಗುತ್ತದೆಂದು ಅಳುವನ್ನು ಆಮೇಲಕ್ಕೆ ಇಟ್ಟುಕೊಂಡಿದ್ದಳು.

"ಬಿಡು ಮಗಳೇ," ಎಂದರು ಬಾಗಿಲಲ್ಲಿ ನಿಂತಿದ್ದ ಅಪ್ಪ. "ಬದುಕಿದ್ದಾಗ್ಲೇ ಆ ಬಾಯಿ ಮುಚ್ಚಿಸೋಕೆ ಯಾರ ಕೈಲೂ ಆಗ್ಲಿಲ್ಲ. ಇವತ್ತು ನಿನ್ನ ಕೈಲಿ ಆಗತ್ತಾ?"

ಅಪ್ಪ ಬಸ್ಸು ಓಡಿಸಿ ನಿವೃತ್ತರಾದವರು. ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ ಹೆಂಡತಿ ಕಾಫಿಗೆ ಕರೆದಾಗ ಏಳಲಿಲ್ಲ. ಅಷ್ಟೇ. ಕಾಯಿಲೆ ಇಲ್ಲ, ಆಸ್ಪತ್ರೆ ಇಲ್ಲ, ಹೇಳಿಹೋಗುವ ಮಾತೂ ಇಲ್ಲ. ಇಷ್ಟು ಮಾತಾಡುವ ಹೆಂಗಸು ಹೋಗುವಾಗ ಒಂದು ಮಾತೂ ಆಡದೆ ಹೋದಳಲ್ಲ ಎಂಬುದೇ ಅಪ್ಪನಿಗೆ ಅರಗುತ್ತಿರಲಿಲ್ಲ. ಬೆಳಿಗ್ಗೆಯಿಂದ ಅವರು ಕೂತಿರಲಿಲ್ಲ, ಮನೆಯ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಓಡಾಡುತ್ತಲೇ ಇದ್ದರು.

ಅಮ್ಮ ಪಾಠ ಮಾಡುತ್ತಿದ್ದ ಕಾಲೇಜಿನ ಪ್ರಿನ್ಸಿಪಾಲರು ಬಂದದ್ದು ಆಗಲೇ. ಕೆಟ್ಟ ಮನುಷ್ಯರಲ್ಲ. ಎಲ್ಲರಿಗೂ ಒಳ್ಳೆಯವರಾಗಿರಬೇಕೆಂದು ಒದ್ದಾಡುವ ಜಾತಿ. ಶವವನ್ನು ಚಿತಾಗಾರಕ್ಕೆ ಒಯ್ಯುವ ಮೊದಲು ಸ್ವಲ್ಪ ಹೊತ್ತು ಕಾಲೇಜಿನ ಸಭಾಂಗಣದಲ್ಲಿ ಇಡಲು ಅನುಮತಿ ಕೇಳಿದರು. ಮಗಳು ಆಗಲಿ ಎಂದಳು. ಆಮೇಲೆ ಅವರು ಜೇಬಿನಿಂದ ಟೈಪು ಮಾಡಿದ ಹಾಳೆ ತೆಗೆದು, ತಾವು ಓದಲಿರುವ ಭಾಷಣದ ಕೊನೆಯ ಸಾಲುಗಳನ್ನು ತಗ್ಗಿದ ದನಿಯಲ್ಲಿ ಓದಿ ತೋರಿಸಿದರು. ಆಕಾಶದ ಆಳದಲ್ಲಿ ಒಂದೇ ಒಂದು ಗೆಲಾಕ್ಸಿಯೂ ಇಲ್ಲದ ಮಹಾಶೂನ್ಯವನ್ನು ಕಂಡುಹಿಡಿದ ನಮ್ಮ ಕಾಲೇಜಿನ ಹೆಮ್ಮೆ, ಎಂದಿತ್ತು ಅದರಲ್ಲಿ.

ಮಗಳ ಕೈ ಟವೆಲಿನ ಮೇಲೆ ನಿಂತಿತು. ಆ ಶೂನ್ಯ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಪ್ರಿನ್ಸಿಪಾಲರಿಗೂ ಗೊತ್ತಿತ್ತು. ಅವರು ಕೂತಲ್ಲೇ ಸ್ವಲ್ಪ ಮುಂದಕ್ಕೆ ಸರಿದು ವಿಷಯ ಬಿಡಿಸಿ ಹೇಳಿದರು. ಅಮ್ಮ ನಡೆಸುತ್ತಿದ್ದ ಕೋರ್ಸನ್ನು ಮುಚ್ಚಬೇಕೆಂದು ಆಡಳಿತ ಮಂಡಳಿ ವರ್ಷಗಳಿಂದ ಹೇಳುತ್ತಿದೆ. ಡಿಗ್ರಿ ಓದುವ ನಾಲ್ಕಾರು ಮಕ್ಕಳು, ಒಂದು ಕೋಣೆ ತುಂಬ ಕಂಪ್ಯೂಟರು, ಅದರಲ್ಲಿ ಗೆಲಾಕ್ಸಿಗಳನ್ನು ಎಣಿಸುವುದು, ಕೊನೆಗೆ ಬರುವುದೇನು? ಆದರೆ ಇವತ್ತು ಅಧ್ಯಕ್ಷರೇ ಸಭೆಗೆ ಬರುತ್ತಿದ್ದಾರೆ. ಹಳೆಯ ಪತ್ರಿಕೆಯ ತುಣುಕು ನೋಡಿ ಅವರಿಗೆ ತುಂಬ ಖುಷಿಯಾಗಿದೆ. ಶೋಧಕಿಯ ಹೆಸರಿನಲ್ಲಿ ಆ ಕೋಣೆಗೆ ಫಲಕ ಹಾಕಿಸಿ, ಕೋರ್ಸು ಉಳಿಸಿ, ಅದಕ್ಕೊಬ್ಬ ಕಾಯಂ ಉಪನ್ಯಾಸಕಿಯನ್ನೂ ನೇಮಿಸಲು ಒಪ್ಪಿದ್ದಾರೆ.

"ಮನೆಯವರು ಹೂಂ ಅಂದ್ರೆ ಸಾಕು," ಎಂದರು ಪ್ರಿನ್ಸಿಪಾಲರು. "ಯಾರಿಗೇನು ನಷ್ಟ ಹೇಳಿ?"

ಮಗಳು ಅಮ್ಮನ ಮುಖ ನೋಡಿದಳು. ಬದುಕಿಡೀ ನಗೆಪಾಟಲಾದ ಹೆಂಗಸು. ಹೋಗುವ ದಿನವಾದರೂ ನಾಲ್ಕು ಜನ ಒಳ್ಳೆಯ ಮಾತಾಡಲಿ. ಹೂಂ ಎಂದಳು. ಅಪ್ಪ ಇನ್ನೊಂದು ಬಾಗಿಲಿಗೆ ಹೋದರು.

ಅಡುಗೆಮನೆಯಲ್ಲಿ ಬಂದವರ ಲೋಟ ತೊಳೆಯುತ್ತಿದ್ದವಳು ಗುಬ್ಬಿ. ಅಮ್ಮನ ಮೊಟ್ಟಮೊದಲ ಬ್ಯಾಚಿನ ವಿದ್ಯಾರ್ಥಿನಿ, ಈಗ ಅದೇ ಕಾಲೇಜಿನಲ್ಲಿ ವರ್ಷವರ್ಷಕ್ಕೂ ಒಪ್ಪಂದದ ಮೇಲೆ ಪಾಠ ಮಾಡುವವಳು. ಕಾಯಂ ಆಗುವುದಿದ್ದರೆ ಅವಳೇ ಆಗಬೇಕು. ಕಡ್ಡಿಯಂತಿದ್ದ ಕಾಲದಲ್ಲಿ ಅಮ್ಮ ಇಟ್ಟ ಹೆಸರು, ಮೈ ತುಂಬಿಕೊಂಡು ಕೂದಲು ನರೆತರೂ ಹೋಗಿರಲಿಲ್ಲ. ಮಗಳು ನಡೆದದ್ದನ್ನು ಹೇಳಿ, ಸರಿ ತಾನೇ ಗುಬ್ಬಿ ಅಕ್ಕ ಎಂದು ಕೇಳಿದಳು.

ಗುಬ್ಬಿ ನಲ್ಲಿ ನಿಲ್ಲಿಸಲಿಲ್ಲ. "ಸರಿ ಅಂದ್ರೆ ಕೆಲಸದ ಆಸೆಗೆ ಅಂದ ಹಾಗಾಗತ್ತೆ. ತಪ್ಪು ಅಂದ್ರೆ ಕೋರ್ಸು ಹೋಗತ್ತೆ. ನನ್ನ ಕೇಳಬೇಡಮ್ಮ. ಇವತ್ತು ನನಗೆ ಲೋಟ ತೊಳೆಯೋಕೆ ಬಿಡು," ಎಂದಳು.

*

ಆ ಶೂನ್ಯ ಕಂಡ ವರ್ಷ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು. ದೊಡ್ಡ ದೂರದರ್ಶಕಗಳು ಆಕಾಶವನ್ನು ಪಟ್ಟಿಪಟ್ಟಿಯಾಗಿ ನೋಡಿ, ಯಾವ ಗೆಲಾಕ್ಸಿ ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂದು ಬರೆದಿಟ್ಟ ಲೆಕ್ಕ ಎಲ್ಲರಿಗೂ ಪುಕ್ಕಟೆ ಸಿಗುವ ಹಾಗೆ ಇಂಟರ್ನೆಟ್ಟಿಗೆ ಬಂದಿತ್ತು. ಹೆಸರಿಲ್ಲದ ಕಾಲೇಜಿನ ಫಿಸಿಕ್ಸ್ ಮೇಡಂ ಒಬ್ಬರಿಗೆ ಅಷ್ಟು ಸಾಕಾಯಿತು. ಪರೀಕ್ಷಾ ವಿಭಾಗ ಬಿಸಾಡಿದ ಕಂಪ್ಯೂಟರುಗಳನ್ನು ಒಂದು ಕೋಣೆಗೆ ಸಾಗಿಸಿ, ಡಿಗ್ರಿ ಮಕ್ಕಳನ್ನು ಕೂರಿಸಿಕೊಂಡು, ಗೆಲಾಕ್ಸಿಗಳು ಆಕಾಶದಲ್ಲಿ ಹೇಗೆ ಹರಡಿಕೊಂಡಿವೆ ನೋಡೋಣ ಎಂದರು.

ವಿಧಾನ ಸರಳ. ಕಂಪ್ಯೂಟರಿನಲ್ಲಿ ಒಂದು ಸುಳ್ಳು ಆಕಾಶ ಮಾಡಬೇಕು. ಅದರಲ್ಲಿ ಕಣ್ಣು ಮುಚ್ಚಿ ಕಾಳು ಎರಚಿದ ಹಾಗೆ ಚುಕ್ಕಿಗಳನ್ನು ಎರಚಬೇಕು. ಆಮೇಲೆ ನಿಜವಾದ ಆಕಾಶವನ್ನು ಅದರ ಪಕ್ಕ ಇಟ್ಟು, ಎಲ್ಲಿ ಗೆಲಾಕ್ಸಿಗಳು ಗುಂಪುಗೂಡಿವೆ, ಎಲ್ಲಿ ಖಾಲಿ ಬಿಟ್ಟಿವೆ ಎಂದು ಹೋಲಿಸಬೇಕು. ಹಾಗೆ ಹೋಲಿಸಿದಾಗ ಮೊದಲ ಬ್ಯಾಚಿಗೆ ಒಂದು ದೊಡ್ಡ ತೂತು ಕಂಡಿತು. ಎಷ್ಟು ಸಲ ಲೆಕ್ಕ ಹಾಕಿದರೂ ಅಲ್ಲಿ ಏನೂ ಇಲ್ಲ. ಗುಬ್ಬಿ ಕುರ್ಚಿಯ ಮೇಲೆ ಹತ್ತಿ ಕುಣಿದಳಂತೆ. ಊರಿನ ಪತ್ರಿಕೆಯಲ್ಲಿ ಫೋಟೋ ಬಂತು. ಕಾಲೇಜು ಸನ್ಮಾನ ಸಭೆ ಇಟ್ಟಿತು.

ಸಭೆಯ ಹಿಂದಿನ ದಿನ ಅಮ್ಮನಿಗೆ ಒಂದು ಅನುಮಾನ ಬಂತು. ದೂರದರ್ಶಕ ನಡೆಸುವವರು ದಿನದಿನದ ಹವಾಮಾನವನ್ನೂ ಬರೆದಿಟ್ಟಿರುತ್ತಾರೆ. ಅದನ್ನು ತೆಗೆದು ನೋಡಿದರು. ಆಕಾಶದ ಆ ಪಟ್ಟಿಯ ಸರದಿ ಬಂದಾಗಲೆಲ್ಲ ಅಲ್ಲಿ ಮೋಡ ಕವಿದಿತ್ತು. ಆ ಭಾಗವನ್ನು ಯಾರೂ ನೋಡಿರಲೇ ಇಲ್ಲ. ನೋಡದ ಜಾಗವನ್ನು ಸುಳ್ಳು ಆಕಾಶದಲ್ಲೂ ಖಾಲಿ ಬಿಡಬೇಕಿತ್ತು, ಇವರು ಅಲ್ಲೂ ಚುಕ್ಕಿ ಎರಚಿಬಿಟ್ಟಿದ್ದರು. ತೂತು ಆಕಾಶದಲ್ಲಿರಲಿಲ್ಲ.

ಬೇರೆ ಯಾರಾದರೂ ಸನ್ಮಾನ ತೆಗೆದುಕೊಂಡು ಆಮೇಲೆ ಮೆಲ್ಲಗೆ ನುಣುಚಿಕೊಳ್ಳುತ್ತಿದ್ದರು. ಅಮ್ಮ ವೇದಿಕೆ ಹತ್ತಿ, ಮೈಕು ಎಳೆದುಕೊಂಡು, "ಮೊದಲು ನನ್ನ ತಪ್ಪು ಹೇಳ್ತೀನಿ" ಎಂದು ಶುರುಮಾಡಿದರು. ಅತಿಥಿಗಳು ಮುಖ ಮುಖ ನೋಡಿಕೊಂಡರು. ಆಗಿನ ಪ್ರಿನ್ಸಿಪಾಲರು ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡರು. ತಪ್ಪಾಯಿತೆಂದು ಅಮ್ಮ ಪತ್ರಿಕೆಯ ಕಚೇರಿಗೆ ಎಷ್ಟು ಅಲೆದರೂ ಅವರು ತಿದ್ದುಪಡಿ ಹಾಕಲಿಲ್ಲ. ಅಂದಿನಿಂದ ಅವರು ತೂತು ಮೇಡಂ ಆದರು.

ಶಾಲೆಯಲ್ಲಿ ಮಗಳನ್ನೂ ತೂತಿನ ಮಗಳು ಎಂದು ಕರೆದರು. ಅವಳು ಅತ್ತುಕೊಂಡು ಬಂದು, ನೀನು ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಅಮ್ಮನ ಮೇಲೆ ಕೂಗಾಡಿದಳು. ಅಮ್ಮ ಬಟ್ಟೆ ಮಡಿಸುತ್ತಿದ್ದರು. "ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಆ ಮಕ್ಕಳು ಮೋಡಾನ ಶೂನ್ಯ ಅಂತ ಕಲ್ತುಕೊಂಡು ಹೋಗ್ತಿದ್ರು. ನಿನ್ನ ಅವಮಾನ ಎರಡು ದಿನ ಇರತ್ತೆ ಪುಟ್ಟಿ, ತಪ್ಪು ಕಲ್ತಿದ್ದು ಹೋಗಲ್ಲ," ಎಂದರು. ಆದರೆ ಅವಮಾನ ಎರಡು ದಿನಕ್ಕೆ ಹೋಗಲಿಲ್ಲ, ಮಗಳು ಆ ಮಾತನ್ನು ಕ್ಷಮಿಸಲೂ ಇಲ್ಲ.

*

ಸಭಾಂಗಣದ ಮುಂಭಾಗದಲ್ಲಿ ಉದ್ದನೆಯ ಮೇಜಿನ ಮೇಲೆ ಅಮ್ಮನನ್ನು ಮಲಗಿಸಿದ ಮುಚ್ಚಳವಿಲ್ಲದ ಪೆಟ್ಟಿಗೆ ಇಟ್ಟಿದ್ದರು. ಹಿಂದೆ ಪರದೆಗೆ ಕಟ್ಟಿದ ಬ್ಯಾನರಿನಲ್ಲಿ ಅಮ್ಮನ ಯಾವುದೋ ಹಳೆಯ ಗುರುತಿನ ಚೀಟಿಯ ಫೋಟೋ ಹಿಗ್ಗಿಸಿ ಹಾಕಿ, ಕೆಳಗೆ ಮಹಾಶೂನ್ಯದ ಶೋಧಕಿಗೆ ಅಂತಿಮ ನಮನ ಎಂದು ಅಚ್ಚು ಹಾಕಿಸಿದ್ದರು. ಫೋಟೋದಲ್ಲಿ ಅಮ್ಮ ಯಾರೊಡನೆಯೋ ಜಗಳಕ್ಕೆ ನಿಂತ ಹಾಗಿದ್ದರು. ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರು ಕೂತಿದ್ದರು. ಅವರ ಹಿಂದಿನ ಸಾಲಿನಲ್ಲಿ ಈ ವರ್ಷದ ಕೋರ್ಸಿನ ಮಕ್ಕಳು. ಬ್ಯಾನರಿನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದವರು ಮತ್ತೆ ಎತ್ತಿರಲಿಲ್ಲ. ಬೇರೆಬೇರೆ ವರ್ಷಗಳ ಹಳೆಯ ವಿದ್ಯಾರ್ಥಿಗಳೂ ಬಂದಿದ್ದರು. ಬ್ಯಾಂಕಿನವರು, ಟೀಚರುಗಳು, ಮೊಬೈಲ್ ರಿಪೇರಿ ಅಂಗಡಿಯವನು, ಮಗುವನ್ನು ಹೆಗಲಿಗೆ ಹಾಕಿಕೊಂಡ ನರ್ಸು. ಅವರಲ್ಲಿ ವಿಜ್ಞಾನಿಯಾದವರು ಯಾರೂ ಇರಲಿಲ್ಲ.

ಪ್ರಿನ್ಸಿಪಾಲರು ಓದಲು ಶುರುಮಾಡಿದರು. ಹಿಂದಿನ ಸಾಲೊಂದರಲ್ಲಿ ಕೂತಿದ್ದ ಮಗಳಿಗೆ ಮೊದಲಿಗೆ ಹಿತವೆನಿಸಿತು. ಸುಳ್ಳಾದರೂ ಚೆನ್ನಾಗಿತ್ತು. ಅಮ್ಮನ ಹೆಸರಿನ ಹಿಂದೆ ನಗು ಬಾರದೆ ಇದ್ದದ್ದು ಇದೇ ಮೊದಲು.

ಪಕ್ಕದ ಕುರ್ಚಿಯಲ್ಲಿ ಕತ್ತಿನವರೆಗೆ ಕೂದಲು ಕತ್ತರಿಸಿಕೊಂಡಿದ್ದ ಕುಳ್ಳ ಹುಡುಗಿಯೊಬ್ಬಳಿದ್ದಳು. ಮೊದಲ ವರ್ಷದವಳು. ಇವಳು ಯಾರೆಂದು ಗೊತ್ತಿಲ್ಲದೆ, ಮೆಲ್ಲಗೆ ಬಾಗಿ ಕೇಳಿದಳು, "ಅಕ್ಕ, ನಿಮಗೆ ಮೇಡಂ ಗೊತ್ತಾ? ಆ ಶೂನ್ಯ ಎಷ್ಟು ದೊಡ್ಡದು?"

ಉತ್ತರಕ್ಕೆ ಕಾಯದೆ ಹುಡುಗಿ ತನ್ನಷ್ಟಕ್ಕೆ ಮುಂದುವರಿಸಿದಳು. ಪತ್ರಿಕೆಯ ಆ ತುಣುಕು ಕಾಲೇಜಿನ ಜಾಹೀರಾತು ಪುಸ್ತಿಕೆಯಲ್ಲಿ ಇತ್ತಂತೆ. ಅದನ್ನು ನೋಡಿಯೇ ಅವಳು ಹಟ ಹಿಡಿದು ಈ ಕಾಲೇಜಿಗೆ ಸೇರಿದಳಂತೆ. ಮುಂದಿನ ವರ್ಷ ಆ ಕೋರ್ಸು ತೆಗೆದುಕೊಂಡು ಅಂಥದ್ದೇ ಇನ್ನೊಂದು ಶೂನ್ಯ ಹುಡುಕುವುದೆಂದು ತೀರ್ಮಾನಿಸಿದ್ದಳಂತೆ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ಇಷ್ಟು ದೊಡ್ಡದು ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಮಗಳು ಬಾಯಿ ತೆರೆದಳು. ಬಟ್ಟೆ ಮಡಿಸುತ್ತಾ ಅಮ್ಮ ಹೇಳಿದ್ದು ಇದೇ ಹುಡುಗಿಯ ಬಗ್ಗೆ ಎಂದು ಅವಳಿಗೆ ಈಗ ಅರ್ಥವಾಯಿತು. ಅರ್ಥವಾದದ್ದಕ್ಕೆ ಮೈಯೆಲ್ಲ ಉರಿಯಿತು. ಗೋಡೆಗೆ ಒರಗಿ ನಿಂತಿದ್ದ ಗುಬ್ಬಿಯ ಕಡೆ ನೋಡಿದಳು. ಗುಬ್ಬಿ ಕೆಳತುಟಿಯನ್ನು ಹಲ್ಲಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

*

ಅಮ್ಮನ ಕಂಪ್ಯೂಟರ್ ಕೋಣೆಯಲ್ಲಿ ಎರಡು ಕಟ್ಟಳೆಗಳಿದ್ದವು. ಮಗಳಿಗೆ ಅದು ಗೊತ್ತಾದದ್ದು ಗುಬ್ಬಿಯಿಂದ. ಮೊದಲನೆಯದು, ಫಲಿತಾಂಶ ಒಪ್ಪಿಸಲು ಎದ್ದವರು ಮೊದಲು ತಮ್ಮ ತಪ್ಪು ಹೇಳಬೇಕು. ತಪ್ಪೇ ಆಗಿಲ್ಲ ಎಂದವರನ್ನು ಅಮ್ಮ, ಹಾಗಾದರೆ ನೀನು ಕೆಲಸವನ್ನೇ ಮಾಡಿಲ್ಲ ಕೂತ್ಕೋ ಎಂದು ಕೂರಿಸುತ್ತಿದ್ದರು.

ಎರಡನೆಯದು ಇನ್ನೂ ತಮಾಷೆಯದು. ಪ್ರತಿ ವರ್ಷ ಹೊಸ ಬ್ಯಾಚಿಗೆ ಆಕಾಶದ ಅದೇ ಹಳೆಯ ಪಟ್ಟಿಯ ಲೆಕ್ಕವನ್ನು ಕೊಡುತ್ತಿದ್ದರು, ಮೋಡದ ವಿಷಯ ಹೇಳುತ್ತಿರಲಿಲ್ಲ. ಸೀನಿಯರುಗಳು ಬಾಯಿ ಬಿಡುವಂತಿರಲಿಲ್ಲ. ಅಷ್ಟು ವರ್ಷ ಯಾರೂ ಬಿಡಲೂ ಇಲ್ಲ. ಊರಿನ ಹಳಬರು ನಗುವುದು ಯಾಕೆಂದು ತಿಳಿಯದ ಕಾಲೇಜಿನ ಬೇರೆ ಮಕ್ಕಳೆಲ್ಲ ಹಳೆಯ ಪತ್ರಿಕೆಯ ತುಣುಕು ನೋಡಿ, ಮೇಡಂ ನಿಜಕ್ಕೂ ಏನೋ ಕಂಡುಹಿಡಿದಿದ್ದಾರೆ ಎಂದೇ ನಂಬಿದ್ದರು. ಹೊಸಬರು ಒಂದು ದಿನ ತೂತು ಕಂಡು ಕಿರುಚುತ್ತಿದ್ದರು, ಕುಣಿಯುತ್ತಿದ್ದರು, ಮನೆಗೆ ಫೋನ್ ಮಾಡುತ್ತಿದ್ದರು. ಅಮ್ಮ ಅವರ ಜೊತೆ ತಾವೂ ಕುಣಿದು, ಎಲ್ಲರಿಗೂ ಟೀ ತರಿಸಿ, ಕುಡಿದು ಮುಗಿದ ಮೇಲೆ, "ಅಲ್ಲಿ ಏನೂ ಇಲ್ವಾ, ಅಥವಾ ಅಲ್ಲಿ ಯಾರೂ ನೋಡಿಲ್ವಾ?" ಎಂದು ಕೇಳುತ್ತಿದ್ದರು. ಅಷ್ಟೇ ಪಾಠ. ಉಳಿದ ವರ್ಷವೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿ ಲೆಕ್ಕ ಮಾಡುವುದು.

*

"ಸರ್, ನಿಲ್ಲಿಸಿ," ಎಂದಳು ಮಗಳು.

ಪ್ರಿನ್ಸಿಪಾಲರು ಸಾಲಿನ ನಡುವೆ ನಿಂತರು. ಮಗಳು ಎದ್ದು ಪೆಟ್ಟಿಗೆಯ ಹತ್ತಿರ ಹೋದಳು. ಮೈಕಿನ ಮುಂದೆ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ, ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು.

"ಬೆಳಿಗ್ಗೆ ಇದಕ್ಕೆ ನಾನು ಹೂಂ ಅಂದಿದ್ದೆ. ಅದು ನನ್ನ ತಪ್ಪು, ಮೊದಲು ಅದನ್ನ ಹೇಳ್ತೀನಿ. ನಮ್ಮಮ್ಮ ಯಾವ ಶೂನ್ಯಾನೂ ಕಂಡುಹಿಡೀಲಿಲ್ಲ. ಅವತ್ತು ಅಲ್ಲಿ ಮೋಡ ಇತ್ತು. ಮೋಡ ಇತ್ತು ಅನ್ನೋದನ್ನ ಕಂಡುಹಿಡಿದ್ರು. ಇದೇ ವೇದಿಕೆ ಮೇಲೆ ನಿಂತು ಅದನ್ನ ಹೇಳಿದ್ರು."

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಪ್ರಿನ್ಸಿಪಾಲರ ಕಡೆ ತಿರುಗಿ, ಏನ್ರೀ ಇದು ಎಂದರು. ಹೆತ್ತ ತಾಯಿಯ ಹೆಣದ ಮುಂದೆ ಅವಳ ಮರ್ಯಾದೆ ತೆಗೆಯುವ ಮಗಳನ್ನು ತಾವು ಈವರೆಗೆ ಕಂಡಿಲ್ಲ ಎಂದೂ ಸೇರಿಸಿದರು. ಪ್ರಿನ್ಸಿಪಾಲರು ಮಗಳ ಹತ್ತಿರ ಬಂದು, ಮೈಕಿಗೆ ಕೇಳಿಸದ ಹಾಗೆ, ಇನ್ನು ಕೋರ್ಸು ಉಳಿಸುವುದು ತಮ್ಮ ಕೈಯಲ್ಲಿಲ್ಲ, ನಾಳೆಯಿಂದ ಕೋಣೆಗೆ ಬೀಗ ಬೀಳುತ್ತದೆ, ಯೋಚನೆ ಮಾಡಿ ಎಂದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

ಮಗಳು ಮೈಕಿಗೆ ಕೇಳಿಸುವ ಹಾಗೆಯೇ ಉತ್ತರ ಕೊಟ್ಟಳು. "ಹಾಕಿ ಸರ್ ಬೀಗ. ನನ್ನ ಕ್ಲಿನಿಕ್ಕಿನಲ್ಲಿ ಕುರ್ಚಿಗಳಿವೆ, ಕರೆಂಟಿದೆ, ಒಂದು ಕಂಪ್ಯೂಟರೂ ಇದೆ. ಆ ಗೆಲಾಕ್ಸಿ ಲೆಕ್ಕ ಪುಕ್ಕಟೆ ಸಿಗತ್ತೆ, ಅದಕ್ಕೆ ಯಾವ ಮಂಡಳಿಯ ಅಪ್ಪಣೆಯೂ ಬೇಡ. ಸೋಮವಾರ ಸಂಜೆ ಪೇಷಂಟುಗಳು ಹೋದ ಮೇಲೆ ಕ್ಲಾಸು. ಗುಬ್ಬಿ ಅಕ್ಕ ಒಪ್ಪಿದ್ರೆ."

ಎಲ್ಲರೂ ಗೋಡೆಯ ಕಡೆ ನೋಡಿದರು. ಇಷ್ಟು ವರ್ಷ ಕಾದ ಕೆಲಸ ಎರಡು ಹೆಜ್ಜೆಯ ದೂರದಲ್ಲಿತ್ತು, ಈಗಲೂ ಕ್ಷಮೆ ಕೇಳಿ ಸರಿಪಡಿಸಿದರೆ ಸಿಗಬಹುದಿತ್ತು. ಗುಬ್ಬಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳು ಬಂದು ಪೆಟ್ಟಿಗೆಯ ತಲೆಯ ಕಡೆ ನಿಂತಳು.

"ಮೇಡಂ, ಮೊದಲು ನನ್ನ ತಪ್ಪು," ಎಂದಳು. "ಬೆಳಿಗ್ಗೆಯಿಂದ ಲೋಟ ತೊಳೀತಾ ಇದ್ದೆ. ಬಾಯಿ ಬಿಡಬೇಕಾಗಿತ್ತು."

ಅಷ್ಟು ಹೇಳಿ ಪಕ್ಕಕ್ಕೆ ಸರಿದಳು. ಯಾರೂ ಕರೆಯದೆಯೇ ಮೊಬೈಲ್ ರಿಪೇರಿಯವನು ಎದ್ದು ಬಂದ. ತಾನು ಒಂದೇ ಗೆಲಾಕ್ಸಿಯನ್ನು ಎರಡು ಸಲ ಎಣಿಸಿ, ಅವಳಿಗಳು ಸಿಕ್ಕಿದವೆಂದು ಊರಿಗೆಲ್ಲ ಸಾರಿದ್ದೆ ಎಂದ. ನರ್ಸು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ದೂರವನ್ನು ಗುಣಿಸುವ ಬದಲು ಭಾಗಿಸಿ ಇಡೀ ವಿಶ್ವವನ್ನು ಅಂಗೈಯಷ್ಟು ಮಾಡಿದ್ದೆ ಎಂದಳು. ಜನ ನಕ್ಕರು. ಶವದ ಮುಂದೆ ನಕ್ಕದ್ದಕ್ಕೆ ಯಾರೂ ನಾಚಲಿಲ್ಲ. ಈ ವರ್ಷದ ಮಕ್ಕಳು ಕೊನೆಗೂ ತಲೆ ಎತ್ತಿ ಸಾಲಾಗಿ ಬಂದರು. ಅಧ್ಯಕ್ಷರು ಎದ್ದು ಹೊರಟರು. ಹೊರಗೆ ಅವರ ಕಾರು ತಿರುಗಿಸುವುದು ಕೇಳಿಸಿತು. ಪ್ರಿನ್ಸಿಪಾಲರು ಅವರ ಹಿಂದೆ ಬಾಗಿಲವರೆಗೆ ಹೋಗಿ, ಅಲ್ಲೇ ನಿಂತು, ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತರು.

ಅಪ್ಪನೂ ಸಾಲಿನಲ್ಲಿ ನಿಂತಿದ್ದರು. ತಮ್ಮ ಸರದಿ ಬಂದಾಗ ಹೆಂಡತಿಯ ಕಡೆ ಬಾಗಿ, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳಿಸುವ ಹಾಗೆ ಹೇಳಿದರು. "ಒಂದ್ಸಲ ಜಗಳ ಆದ ದಿನ, ಕಾಲೇಜ್ ಸ್ಟಾಪಿನಲ್ಲಿ ನಿಂತು ಕೈ ಮಾಡಿದ್ಯಲ್ಲ, ಬಸ್ಸು ನಿಲ್ಲಿಸ್ದೆ ಹೋದೆ. ನೋಡ್ಲಿಲ್ಲ ಅಂದಿದ್ದೆ ಆಮೇಲೆ. ನೋಡಿದ್ದೆ ಕಣೇ."

ಮಗಳು ಅವರ ತೋಳು ಹಿಡಿದುಕೊಂಡಳು. ಬೆಳಿಗ್ಗೆಯಿಂದ ಆಮೇಲಕ್ಕೆ ಇಟ್ಟುಕೊಂಡದ್ದು ಆಗ ಬಂತು. ಬಿಕ್ಕಿಬಿಕ್ಕಿ ಅತ್ತಳು, ತಡೆಯಲು ಹೋಗಲಿಲ್ಲ.

ಹೊರಗೆ ಶವವಾಹನದ ಚಾಲಕ ಹೊತ್ತಾಯಿತೆಂದು ಹಾರ್ನು ಬಾರಿಸಿದ. ಸಾಲು ಮುಗಿದಿತ್ತು. ಪೆಟ್ಟಿಗೆ ಎತ್ತಲು ಗುಬ್ಬಿ, ಅಪ್ಪ, ಹಳೆಯ ವಿದ್ಯಾರ್ಥಿಗಳು ಸುತ್ತ ಸೇರಿದರು. ಗುಬ್ಬಿಗೆ ಆಗ ಏನೋ ಹೊಳೆದು ಹಣೆಗೆ ಕೈ ಹಚ್ಚಿಕೊಂಡಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮೋಡದ ಗುಟ್ಟು ಇಡೀ ಕಾಲೇಜಿನ ಮುಂದೆ ಬಯಲಾಗಿತ್ತು. ಇನ್ನು ಮುಂದೆ ಹೊಸ ಬ್ಯಾಚಿಗೆ ಏನು ಕಲಿಸುವುದು ಎಂದು ಗೊಣಗಿದಳು.

ಕುಳ್ಳ ಹುಡುಗಿ ಜನರ ನಡುವೆ ನುಗ್ಗಿಕೊಂಡು ಪೆಟ್ಟಿಗೆಯ ಹತ್ತಿರ ಬಂದಿದ್ದಳು. ಅವಳ ಮುಖ ಕೆಂಪಾಗಿತ್ತು. ತಾನು ನಂಬಿ ಬಂದದ್ದು ಸುಳ್ಳಾಯಿತೆಂದು ಸಿಟ್ಟಾಗಿದ್ದಾಳೆ ಎಂದುಕೊಂಡು ಮಗಳು ಅವಳಿಗೆ ಏನಾದರೂ ಹೇಳಬೇಕೆಂದಿದ್ದಳು. ಹುಡುಗಿ ಇವಳ ಕಡೆ ನೋಡಲೇ ಇಲ್ಲ. ಅಮ್ಮನ ಅರೆ ತೆರೆದ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು.

"ನನ್ನದಿನ್ನೂ ತಪ್ಪಾಗಿಲ್ಲ ಮೇಡಂ," ಎಂದಳು. "ನಿಮ್ಮದು ಈಗ ಎಲ್ಲರಿಗೂ ಗೊತ್ತಾಗಿಬಿಡ್ತು. ಸೋಮವಾರ ಬೇರೆ ತಪ್ಪು ಮಾಡ್ತೀನಿ."

ಪೆಟ್ಟಿಗೆ ಎತ್ತಿದರು. ಹುಡುಗಿ ಯಾರನ್ನೂ ಕೇಳದೆ ಕಾಲಿನ ಕಡೆಯ ಮೂಲೆಗೆ ಹೆಗಲು ಕೊಟ್ಟಳು. ಅವಳ ಎತ್ತರ ಸಾಲಲಿಲ್ಲ, ಪೆಟ್ಟಿಗೆ ಆ ಕಡೆಗೆ ವಾಲಿತು. ಹಿಂದಿದ್ದವರು ಬಿಡಮ್ಮ, ನಾವು ಹಿಡ್ಕೋತೀವಿ ಎಂದರು. ಅವಳು ಬಿಡಲಿಲ್ಲ. ಸಭಾಂಗಣದ ಬಾಗಿಲು ದಾಟಿ, ಮೆಟ್ಟಿಲಿಳಿದು, ವ್ಯಾನಿನವರೆಗೂ ತುದಿಗಾಲಿನಲ್ಲೇ ನಡೆದಳು.